ನಾಯಿಗೆ ಪೌಂಡ್ ಸಲ್ಲುವುದೇ?

ಬೀದಿನಾಯಿಗಳ ಕುರಿತು ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 11ರಂದು ನೀಡಿದ ಆದೇಶದಲ್ಲಿ ‘ಶೆಲ್ಟರ್’, ‘ಪೌಂಡ್’ ಎಂಬ ಎರಡು ಪದಗಳೂ ಜೊತೆಜೊತೆಯಾಗಿ ಬಂದವು. ಎರಡೂ ಒಂದೇ ಎಂದು ಭಾವಿಸುವುದು ಸರಿಯಲ್ಲ.

ಹಣದ ಹಾಗೂ ತೂಕದ ಪೌಂಡ್ ಲ್ಯಾಟಿನ್ ಮೂಲದ್ದು. ಇದು ಬೇರೆ, ಹಳೆಯ ಇಂಗ್ಲಿಷಿನಲ್ಲಿ ಬೇಲಿ ಹಾಕಿದ ಆವರಣಕ್ಕಿದ್ದ ಹೆಸರು. ಕೊಳವೆಂಬ ಅರ್ಥದ ‘ಪಾಂಡ್’ ಇದರ ಒಡಹುಟ್ಟು. ನೀರನ್ನು ತಡೆದರೆ ಪಾಂಡ್, ದನವನ್ನು ತಡೆದರೆ ಪೌಂಡ್. ಮುದ್ರಾಂಕ ಶುಲ್ಕ ಸಾಲದ ದಸ್ತಾವೇಜನ್ನು 1899ರ ಕಾಯಿದೆಯ 33ನೆಯ ಕಲಮಿನಂತೆ ‘ಇಂಪೌಂಡ್’ ಮಾಡುವ ಅಧಿಕಾರಿಯು, ಪದದ ಲೆಕ್ಕದಲ್ಲಿ, ಕಾಗದವನ್ನು ದೊಡ್ಡಿಗೆ ಹೊಡೆಯುತ್ತಾನೆ. ದಂಡ ತೆತ್ತರೆ ಬಿಡುಗಡೆ.

ಕನ್ನಡನಾಡಿನಲ್ಲಿ ದೊಡ್ಡಿ ಎನ್ನುವುದಕ್ಕೆ ಎಡಪ್ಪಾಡಿಯ ಸುತ್ತಿನ ತಮಿಳಿನಲ್ಲಿ ಪಟ್ಟಿ ಎನ್ನುತ್ತಾರೆ. ಪಕಾರ ಹಕಾರವಾದ ಕನ್ನಡದಲ್ಲಿ ಅದೇ ಹಟ್ಟಿ. ಪಾಪಿರೆಡ್ಡಿಪಟ್ಟಿಯ ಪಟ್ಟಿಯೂ ನೀಲಗಿರಿಯ ಬಡಗರ ಹಟ್ಟಿಯೂ ಒಂದೇ ಬೇರಿನವು. ದನದ ಆವರಣದ ಹೆಸರೇ ಊರಿನ ಹೆಸರಾಯಿತು!

ಪೌಂಡಿನ ಕಾನೂನು ನಮ್ಮಲ್ಲಿ 1871ರ ಜಾನುವಾರು ಅತಿಕ್ರಮಣ ಕಾಯಿದೆ. ಬೆಳೆ ಮೇಯ್ದ ದನವನ್ನು ಹಿಡಿದ ರೈತನು ಇಪ್ಪತ್ನಾಲ್ಕು ಗಂಟೆಯೊಳಗೆ ಪೌಂಡಿಗೆ ಕಳುಹಿಸಬೇಕು, ಒಡೆಯನು ದಂಡವನ್ನೂ ಮೇವಿನ ಖರ್ಚನ್ನೂ ಕಟ್ಟಿ ಬಿಡಿಸಿಕೊಳ್ಳಬೇಕು, ಬಾರದಿದ್ದರೆ ಹರಾಜು. ‘ಜಾನುವಾರು’ ಎಂಬುದರ ವ್ಯಾಖ್ಯೆಯಲ್ಲಿ ಆನೆಯಿದೆ, ಒಂಟೆಯಿದೆ, ಕತ್ತೆ ಹಂದಿಗಳೂ ಇವೆ. ನಾಯಿಯಿಲ್ಲ.

ಇಲ್ಲದಿರುವುದು ಸಹಜವೇ. ಒಡೆಯನು ಬಂದೇ ಬರುವನೆಂಬ ನಂಬಿಕೆಯ ಮೇಲೆ ಪೌಂಡ್ ನಿಂತಿದೆ. ಬೀದಿನಾಯಿಗೆ ಒಡೆಯನಿಲ್ಲ, ಹರಾಜಿನಲ್ಲಿ ಕೊಳ್ಳುವವರೂ ಇಲ್ಲ. ಇಂಗ್ಲೆಂಡಿನ 1906ರ ನಾಯಿಗಳ ಕಾಯಿದೆ ಈ ತೊಡಕನ್ನು ಕ್ರೂರವಾಗಿ ಬಿಡಿಸಿತು: ಏಳು ದಿನ ಕಾದು, ಯಾರೂ ಬಾರದಿದ್ದರೆ ಮಾರಬಹುದು ಅಥವಾ ಕೊಲ್ಲಬಹುದು. 1860ರಲ್ಲಿ ಮೇರಿ ಟೀಲ್ಬಿ ಲಂಡನ್ನಿನಲ್ಲಿ ದಿಕ್ಕಿಲ್ಲದ ನಾಯಿಗಳಿಗೆ ತೆರೆದ ತಾಣವನ್ನು ‘ಹೋಮ್’ ಎಂದು ಕರೆದರು, ಪೌಂಡ್ ಎನ್ನಲಿಲ್ಲ. ಅದು ಬ್ಯಾಟರ್‌ಸೀಗೆ ಸ್ಥಳಾಂತರವಾದದ್ದೂ 1871ರಲ್ಲೇ.

ಆಗಸ್ಟ್ 22ರ ತಿದ್ದಿದ ಆದೇಶವು, ಹುಚ್ಚು ಹಿಡಿದ ಹಾಗೂ ಆಕ್ರಮಣಶೀಲ ನಾಯಿಗಳನ್ನುಳಿದು, ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಪಡೆದವನ್ನು ಹಿಡಿದಲ್ಲಿಗೇ ಬಿಡಬೇಕೆಂದಿತು. ನವೆಂಬರ್ 7ರ ಆದೇಶವಾದರೋ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ಹಿಡಿದವನ್ನು ಮರಳಿ ಅಲ್ಲಿಗೆ ಬಿಡಬಾರದೆಂದಿತು. ಈ ನಾಯಿಗಳನ್ನು ಬಿಡಿಸಿಕೊಳ್ಳಲು ಯಾರೂ ಬರುವುದಿಲ್ಲ. ಅವುಗಳ ಅನ್ನ, ಔಷಧಿ, ಕಾವಲಿನ ಖರ್ಚೆಲ್ಲ ನಗರಸಭೆಯದೇ. ಫಲಕದ ಮೇಲೆ ಪೌಂಡ್ ಎಂದು ಬರೆಸುವ ಅಧಿಕಾರಿಗಳು ಮೊದಲು ಆಯವ್ಯಯದ ಪುಸ್ತಕವನ್ನು ತೆರೆದು ನೋಡಲಿ.