ಒಂಟಿ ಕಾಯಿಯ ಲೆಕ್ಕ

ಕಾಯಿ ಕದಿಯದೆ, ಸುಳ್ಳು ಹೇಳದೆ, ಬರೀ ತಲೆ ಓಡಿಸಿ ಗೆದ್ದರೆ ಅದು ಮೋಸವೇ? ಈ ವಾರ ಮಕ್ಕಳೂ ಅಜ್ಜ-ಅಜ್ಜಿಯರೂ ಒಟ್ಟಿಗೆ ಕೂತು ಈ ಪ್ರಶ್ನೆಗೆ ಉತ್ತರ ಹುಡುಕಬೇಕು. ಕೂರುವ ಮೊದಲು ಅಟ್ಟದಿಂದ ಚೆನ್ನೆಮಣೆ ಇಳಿಸಿಕೊಳ್ಳಿ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಸಾಲಿನಲ್ಲಿ 14 ಸುತ್ತು ಬರೆದರೂ ನಡೆಯುತ್ತದೆ.

ಬೈಂದೂರಿನಿಂದ ಬ್ರಹ್ಮಾವರದವರೆಗೆ ಚೆನ್ನೆಮಣೆ ಅಂದರೆ ಆಸಾಡಿಯ ಆಟ. ತುಳು ಮಾತಾಡುವ ಮನೆಗಳಲ್ಲಿ ಆ ತಿಂಗಳಿಗೆ ಆಟಿ ಎನ್ನುತ್ತಾರೆ. ಗದ್ದೆಯಲ್ಲಿ ನಾಟಿ ಮುಗಿದಿರುತ್ತದೆ. ಜುಲೈ 31ರವರೆಗೆ ಗಂಗೊಳ್ಳಿಯ ಯಾಂತ್ರಿಕ ದೋಣಿಗಳಿಗೂ ರಜೆ. ಮಳೆ ಜೋರಾದರೆ ಶಾಲೆಗೂ ರಜೆ. ಅಂಥ ಒಂದು ರಜೆಯ ದಿನ ನಮ್ಮ ಚಾವಡಿಯಲ್ಲಿ ಎಂಟನೇ ತರಗತಿಯ ಮೊಮ್ಮಗನೂ ನಾಲ್ಕನೇ ತರಗತಿಯ ಮೊಮ್ಮಗಳೂ ಮಣೆ ಹಾಕಿದರು. ಎರಡನೇ ಸರದಿಗೇ ಕೂಗು ಎದ್ದಿತು.

"ಅಜ್ಜಯ್ಯ, ಅಣ್ಣ ಮೋಸ ಮಾಡ್ತ! ಅಂವ ಮೊದ್ಲೇ ಎಣ್ಸಿ ಆಡ್ತ!"

"ನಾನ್ ಒಂದ್ ಕಾಯಿ ಕದ್ದಿದ್ನಾ?" ಎಂದು ಅವನು.

ಅಡುಗೆಮನೆಯಿಂದ ಅವರ ಅಮ್ಮಮ್ಮನ ತೀರ್ಪು ಬಂತು: "ಕೈಯ್ಯಲ್ ಮುಟ್ಟಿ ಎಣ್ಸೂಕಾಗ. ಕಣ್ಣಲ್ ಎಣ್ಸ್ರೆ ಅಡ್ಡಿಲ್ಲೆ."

ತೀರ್ಪು ಚಿಕ್ಕದು. ಅದು ಸರಿಯೋ ಎಂದು ನೋಡಬೇಕಾದರೆ ಆಟದ ಒಳಗೆ ಹೋಗಬೇಕು.

ಮಣೆಯಲ್ಲಿ ಒಬ್ಬೊಬ್ಬರ ಬದಿಗೆ 7 ಗುಳಿ. ಪ್ರತಿ ಗುಳಿಗೆ 4 ಕಾಯಿ, ಒಟ್ಟು 56. ಹುಣಸೆಬೀಜ, ಕೆಂಪು ಮಂಜೊಟ್ಟಿ, ಏನಾದರೂ ಆಗುತ್ತದೆ. ನಿಮ್ಮ ಬದಿಯ ಒಂದು ಗುಳಿಯ ಕಾಯಿಯನ್ನೆಲ್ಲ ಎತ್ತಿ, ಬಲಕ್ಕೆ ಗುಳಿಗೊಂದರಂತೆ ಹಾಕುತ್ತಾ ಹೋಗಿ. ಸಾಲು ಮುಗಿದರೆ ಎದುರಿನವರ ಬದಿಗೆ ತಿರುಗಿ. ಕೈ ಖಾಲಿಯಾದಾಗ ಮುಂದಿನ ಗುಳಿಯ ಕಾಯಿ ಎತ್ತಿ ಮತ್ತೆ ಹಾಕಿ. ಮುಂದಿನ ಗುಳಿ ಬರಿದಾಗಿದ್ದರೆ, ಅದರ ಆಚೆಯ ಗುಳಿಯಲ್ಲಿ ಇರುವುದೆಲ್ಲ ನಿಮ್ಮದು. ಸರದಿ ಅಲ್ಲಿಗೆ ಮುಗಿಯಿತು. ಆ ಆಚೆಯ ಗುಳಿಯೂ ಬರಿದೇ ಆದರೆ ನಿಮಗೆ ಸೊನ್ನೆ. ಊರಿಗೊಂದು, ಮನೆಗೊಂದು ಕ್ರಮ ಇದೆ. ಇವತ್ತಿನ ಲೆಕ್ಕಕ್ಕೆ ಇಷ್ಟೇ ಇಟ್ಟುಕೊಳ್ಳೋಣ.

ಈಗ ಕಾಯಿ ಹಾಕಿ ನೋಡಿ. ತಂಗಿ ತನ್ನ ಎಡತುದಿಯ ಗುಳಿಯಿಂದ ಎತ್ತಿದಳು. ಏಳು ಸಲ ಎತ್ತಿ ಹಾಕುವಷ್ಟರಲ್ಲಿ ಆಟ ನಿಂತಿತು. ಅವಳಿಗೆ 6 ಕಾಯಿ ಸಿಕ್ಕಿತು. ಅವಳು ಏನೂ ಲೆಕ್ಕ ಹಾಕಿರಲಿಲ್ಲ, ಹಾಕುವ ಅಗತ್ಯವೂ ಇರಲಿಲ್ಲ. ಮೊದಲ ಸರದಿಯಲ್ಲಿ ಏಳರಲ್ಲಿ ಯಾವ ಗುಳಿಯಿಂದ ಹೊರಟರೂ ಸಿಗುವುದು ಆರೇ.

ಇನ್ನು ಅಣ್ಣನ ಸರದಿ. ಅವನ ಬದಿಯಲ್ಲಿ ಕಾಯಿ ಇದ್ದದ್ದು ನಾಲ್ಕೇ ಗುಳಿಯಲ್ಲಿ. ಅವನ ಎಡದಿಂದ ಎಣಿಸಿದರೆ ಮೂರನೆಯದರಲ್ಲಿ 6, ನಾಲ್ಕನೆಯದರಲ್ಲಿ 1, ಐದನೆಯದರಲ್ಲಿ 6, ಆರನೆಯದರಲ್ಲಿ 6. ಮೂರನೆಯದರಿಂದ ಹೊರಟರೆ 4 ಕಾಯಿ ಸಿಗುತ್ತದೆ. ನಾಲ್ಕನೆಯದರಿಂದಲೂ ಆರನೆಯದರಿಂದಲೂ 7. ಐದನೆಯದರಿಂದ ಹೊರಟರೆ ಹತ್ತು ಸಲ ಎತ್ತಿ, ಮಣೆಯನ್ನೆಲ್ಲ ಸುತ್ತಿ, 9. ಅವನು ಕಣ್ಣಲ್ಲೇ ಗುಳಿಯಿಂದ ಗುಳಿಗೆ ಓಡಿ ಐದನೆಯದನ್ನು ಹಿಡಿದಿದ್ದ. ತಂಗಿಯ ಕಣ್ಣಲ್ಲಿ ನೀರು ಬಂದದ್ದು ಆಗಲೇ.

ಅಜ್ಜ-ಅಜ್ಜಿಯರೇ, ಇಂಥ ಹೊತ್ತಿನಲ್ಲಿ ನಮ್ಮ ಬಾಯಿಗೆ ಬರುವ ಮೊದಲ ಮಾತು "ಚಿಕ್ಕವಳು, ಬಿಟ್ಟುಬಿಡು ಮಾರಾಯ" ಎಂದು. ಆದರೆ ಸ್ವಲ್ಪ ಯೋಚಿಸಿ. ಲೆಕ್ಕ ಹಾಕಲೇಬಾರದು ಎಂದು ಕಟ್ಟು ಮಾಡಿದರೆ ಏನಾಗುತ್ತದೆ? ಮೊದಲು ಕೂತವರಿಗೆ 6 ಪುಕ್ಕಟೆ. ಎರಡನೆಯವರಿಗೆ 4 ಸಿಕ್ಕೀತು, 9 ಸಿಕ್ಕೀತು; ಅದು ಅವರ ಅದೃಷ್ಟ. ಯೋಚನೆ ಮಾಡಲು ಬಿಟ್ಟರೆ ಮಾತ್ರ ಎರಡನೆಯವರು ಆ ಆರಕ್ಕೆ ಸರಿಯಾದ ಉತ್ತರ ಕೊಡಬಲ್ಲರು. ಜಾಣತನದಿಂದ ಆಟ ಕೆಡಲಿಲ್ಲ. ಮೊದಲು ಕೂತವರ ಪುಕ್ಕಟೆ ಲಾಭ ಸರಿದೂಗಿತು.

ಮೊಮ್ಮಗಳಿಗೆ ನಾನು ಅಣ್ಣನನ್ನು ಗದರಿಸುತ್ತೇನೆ ಎಂಬ ನಿರೀಕ್ಷೆ ಇತ್ತು. ಗದರಿಸಲಿಲ್ಲ. "ಅಳು ಆಮೇಲೆ, ಮೊದಲು ಮಣೆ ಕಾಣ್" ಎಂದೆ. ಅವಳ ಬದಿಯಲ್ಲಿ ಆಗ ಎರಡನೇ ಗುಳಿಯಲ್ಲಿ 1, ಮೂರರಲ್ಲಿ 11, ನಾಲ್ಕರಲ್ಲಿ 11, ಐದರಲ್ಲಿ 3, ಆರರಲ್ಲಿ 1 ಕಾಯಿ ಇತ್ತು. ಅಣ್ಣನ ಬದಿಯಲ್ಲಿ ಒಂದನೆಯದರಲ್ಲಿ 4, ನಾಲ್ಕರಲ್ಲಿ 4, ಆರರಲ್ಲಿ 2, ಏಳರಲ್ಲಿ 4. ಉಳಿದವೆಲ್ಲ ಬರಿದು. ನೀವೂ ಹಾಗೇ ಜೋಡಿಸಿಕೊಳ್ಳಿ.

ಯಾರ ಕೈಯಾದರೂ ಹೋಗುವುದು ತುಂಬಿದ ಗುಳಿಗೆ. ಮೂರನೆಯದರ 11 ಎತ್ತಿದರೆ ಸಿಗುವುದು 1. ನಾಲ್ಕನೆಯದರ 11 ಎತ್ತಿದರೆ 4. ಐದನೆಯದರಿಂದ ಸೊನ್ನೆ. ಅವಳು ತುಂಬ ಹೊತ್ತು ನೋಡಿ, ಎರಡನೇ ಗುಳಿಯ ಒಂಟಿ ಕಾಯಿ ಎತ್ತಿ ಮೂರಕ್ಕೆ ಹಾಕಿದಳು. ಅಲ್ಲೀಗ 12. ಮುಂದಿನ ನಾಲ್ಕನೇ ಗುಳಿಯ 11 ಎತ್ತಿ ಸುತ್ತ ಹಾಕುತ್ತಾ ಬಂದಾಗ ಕೊನೆಯ ಕಾಯಿ ಅವಳ ಒಂದನೇ ಗುಳಿಗೆ ಬಿತ್ತು. ಪಕ್ಕದ ಎರಡನೆಯದು ಆಗಲೇ ಬರಿದು. ಅದರ ಆಚೆಯ ಮೂರನೆಯದರಲ್ಲಿದ್ದ 12 ಕಾಯಿ ಅವಳ ಮಡಿಲಿಗೆ! ಈಗ ಅವಳದು 18, ಅಣ್ಣನದು 9.

ನನ್ನ ಮಟ್ಟಿಗೆ ಉತ್ತರ ಇಲ್ಲೇ ಇದೆ. ಅಣ್ಣನ ಜಾಣ ಎತ್ತು ತಂಗಿಯ ದಾರಿ ಮುಚ್ಚಲಿಲ್ಲ. ಅವಳಿಗೆ ಅದಕ್ಕಿಂತ ದೊಡ್ಡ ಉತ್ತರ ಮಣೆಯ ಮೇಲೆ ತೆರೆದೇ ಇತ್ತು, ಕಾಣಬೇಕಿತ್ತು, ಅಷ್ಟೆ. ಎದುರಿನವರಿಗೆ ಆಡಲು ಏನಾದರೂ ಉಳಿಯಿತೇ ಎಂದು ಕೇಳಿ. ಉಳಿದರೆ ಅದು ಜಾಣತನ. ಏನೂ ಉಳಿಯದಿದ್ದರೆ, ನಿಯಮದ ಪುಸ್ತಕ ಒಪ್ಪಿದರೂ, ಮನಸ್ಸು ಒಪ್ಪುವುದು ಕಷ್ಟ.

ದೊಡ್ಡವರಿಗೆ ನೆನಪಿರಬಹುದು: 1981ರ ಫೆಬ್ರವರಿ 1ರಂದು ಮೆಲ್ಬರ್ನ್‌ನಲ್ಲಿ ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ಆಡುತ್ತಿದ್ದವು. ಕೊನೆಯ ಎಸೆತಕ್ಕೆ ಸಿಕ್ಸರ್ ಹೊಡೆದರೆ ನ್ಯೂಜಿಲೆಂಡ್ ಸಮ ಮಾಡಿಕೊಳ್ಳುತ್ತಿತ್ತು. ನಾಯಕ ಗ್ರೆಗ್ ಚಾಪೆಲ್ ತಮ್ಮ ಟ್ರೆವರ್‌ಗೆ ಚೆಂಡನ್ನು ನೆಲದ ಮೇಲೆ ಉರುಳಿಸಲು ಹೇಳಿದರು. ಉರುಳುವ ಚೆಂಡಿಗೆ ಸಿಕ್ಸರ್ ಹೊಡೆಯುವುದು ಹೇಗೆ? ಆಗಿನ ನಿಯಮದಲ್ಲಿ ಅದು ತಪ್ಪಲ್ಲ. ಆದರೂ ಲೋಕವೆಲ್ಲ ಛೀ ಅಂದಿತು, ಆಮೇಲೆ ನಿಯಮವೇ ಬದಲಾಯಿತು. ಅಲ್ಲಿ ಎದುರಿನವನಿಗೆ ಆಡಲು ಏನೂ ಉಳಿದಿರಲಿಲ್ಲ.

ಮೊಮ್ಮಗ ಇನ್ನೊಂದು ಸಂಗತಿ ತಂದ. ಬೆಂಗಳೂರಿನಲ್ಲಿರುವ ಅವನ ಚಿಕ್ಕಪ್ಪನ ಮಗ ಗೆಳೆಯರೊಂದಿಗೆ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುತ್ತಾನಂತೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ ಅದು. ಒಬ್ಬ ಯೋಧ, ಒಬ್ಬ ಕಳ್ಳ, ಒಬ್ಬ ಮಾಂತ್ರಿಕ ಎಂದು ವೇಷ ಹಂಚಿಕೊಂಡು, ಮಾತಿನಲ್ಲೇ ಕಥೆ ಕಟ್ಟುತ್ತಾರೆ. ನಡುನಡುವೆ 20 ಮುಖದ ದಾಳ ಉರುಳಿಸುತ್ತಾರೆ. ಕಥೆ ನಡೆಸಲು ಒಬ್ಬನಿರುತ್ತಾನೆ, ನಮ್ಮ ಯಕ್ಷಗಾನದ ಭಾಗವತರ ಹಾಗೆ. ಆ ಆಟದಲ್ಲಿ ಒಂದು ಮಂತ್ರದಿಂದ ರಾಕ್ಷಸನ ಸುತ್ತ ಒಡೆಯಲಾಗದ ಗೋಡೆ ಕಟ್ಟಿ, ಇನ್ನೊಂದರಿಂದ ಆ ಗೋಡೆಯ ಒಳಗೇ ಬಳಲಿಸುವ ಬೆಳಕು ತುಂಬಬಹುದು. ಎಷ್ಟೋ ರಾಕ್ಷಸರು ಹೊರಬರಲಾರದೆ ಸೊರಗಿ ಬೀಳುತ್ತಾರೆ. "ಇದ್ ಸರಿಯಾ ಅಜ್ಜಯ್ಯ?" ಎಂದ.

ರಾಕ್ಷಸನಿಗೆ ಅನ್ಯಾಯವಾಯಿತೆಂದು ನಾನೇನೂ ಅಳುವುದಿಲ್ಲ. ನಾನು ಕೇಳಿದ್ದು, ಆಗ ಯೋಧನಾಗಿ ಕೂತ ಹುಡುಗ ಏನು ಮಾಡುತ್ತಾನೆ ಎಂದು. ಪ್ರತಿ ವಾರ ಮಾಂತ್ರಿಕನೊಬ್ಬನೇ ಎಲ್ಲವನ್ನೂ ಮುಗಿಸಿದರೆ ಉಳಿದವರಿಗೆ ಆಕಳಿಕೆಯೇ ಗತಿ. ಆ ಆಟದವರಿಗೂ ಇದು ಗೊತ್ತಿದ್ದಂತಿದೆ. ಮನಸ್ಸಿಟ್ಟು ಹಿಡಿದುಕೊಳ್ಳಬೇಕಾದ ಮಂತ್ರ ಒಬ್ಬ ಮಾಂತ್ರಿಕನಿಗೆ ಒಮ್ಮೆಗೆ ಒಂದೇ ಎಂಬ ನಿಯಮವಿದೆ. ಈ ಎರಡೂ ಅಂಥವೇ. ಹಾಗಾಗಿ ಇಬ್ಬರು ಕೂಡಿದರೆ ಮಾತ್ರ ಈ ಉಪಾಯ ನಡೆಯುತ್ತದೆ. ಇಬ್ಬರು ಗೆಳೆಯರು ಸೇರಿ ಹೂಡಿದ ಉಪಾಯಕ್ಕೆ ನನ್ನ ಚಪ್ಪಾಳೆ ಇದೆ. ತಾಳಮದ್ದಳೆಯಲ್ಲೂ ಹಾಗೇ ಅಲ್ಲವೇ? ಒಳ್ಳೆಯ ಅರ್ಥಧಾರಿ ಎಷ್ಟೇ ಜಾಣ ಮಾತಾಡಿದರೂ ಎದುರಿನವರಿಗೆ ಉತ್ತರ ಹೇಳಲು ಎಡೆ ಇಡುತ್ತಾರೆ. ಎದುರಿನವರು ಸುಮ್ಮನಾದರೆ ಪ್ರಸಂಗವೇ ನಿಂತುಹೋಗುತ್ತದೆ.

ಆಟದ ಜಗಳ ಸಣ್ಣದೆಂದು ಮಾತ್ರ ತಿಳಿಯಬೇಡಿ. ತುಳುನಾಡಿನ ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆ ಆಡಲು ಕೂತು, ಜಗಳ ಬೆಳೆದು, ಇಬ್ಬರ ಜೀವವೂ ಹೋಗುತ್ತದೆ. ಅಕ್ಕತಂಗಿಯರು ಚೆನ್ನೆ ಆಡಬಾರದೆಂದು ಆ ಕಡೆಯ ಹಿರಿಯರು ಹೇಳುವುದುಂಟು. ಮಣೆಯನ್ನು ಅಡಗಿಸಿಡುವುದು ಒಂದು ದಾರಿ. ಸಿಟ್ಟು ಏರುವ ಮೊದಲೇ ನಿಯಮ ಕಟ್ಟಿಕೊಳ್ಳುವುದು ಇನ್ನೊಂದು ದಾರಿ. ನನಗೆ ಎರಡನೆಯದು ಇಷ್ಟ.

ನಮ್ಮ ಮನೆಯಲ್ಲಿ ಈಗ ಮೂರು ಕಟ್ಟು ಇವೆ. ನಿಯಮ ಬದಲಿಸುವುದಿದ್ದರೆ ಕಾಯಿ ತುಂಬುವ ಮೊದಲು. ಆಟದ ನಡುವೆ ಇಲ್ಲ. ಸೋತವರು ಮುಂದಿನ ಆಟದಲ್ಲಿ ಮೊದಲು ಆಡಬೇಕೋ ಆಮೇಲೆ ಆಡಬೇಕೋ ಎಂದು ತಾವೇ ಆರಿಸಬಹುದು. ಮತ್ತೆ, ದೊಡ್ಡವನು ಒಂದು ಹೊಸ ಉಪಾಯದಿಂದ ಗೆದ್ದರೆ, ಮರುದಿನ ಅದನ್ನು ಚಿಕ್ಕವಳಿಗೆ ಕಲಿಸಿಯೇ ಮಣೆ ಮುಟ್ಟಬೇಕು. ಮೂರನೆಯದಕ್ಕೆ ಮೊಮ್ಮಗ ಮೊದಲು ಮುಖ ಸಣ್ಣ ಮಾಡಿದ. ಎದುರಿಗೆ ಗಟ್ಟಿ ಆಟಗಾರ್ತಿ ಕೂತ ಮೇಲೆ ಅವನ ಲೆಕ್ಕವೂ ಚುರುಕಾಗಿದೆ.

ಚೆನ್ನೆಯ ನೆಂಟರು ಆಫ್ರಿಕಾದಲ್ಲೂ ಇದ್ದಾರೆ. 12 ಗುಳಿ, 48 ಕಾಯಿಯ ಅವಾರಿ ಅಂಥದೊಂದು. 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಜಾನ್ ರೊಮೈನ್ ಮತ್ತು ಹೆನ್ರಿ ಬಾಲ್ ಎಂಬ ವಿಜ್ಞಾನಿಗಳು ಅದರ ಲೆಕ್ಕವನ್ನು ಕಂಪ್ಯೂಟರಿನಿಂದ ಪೂರ್ತಿ ಬಿಡಿಸಿದರು. ಇಬ್ಬರೂ ಒಂದೂ ತಪ್ಪದೆ ಆಡಿದರೆ ಅವಾರಿ ಸಮವಾಗಿ ಮುಗಿಯುತ್ತದಂತೆ. ಇಬ್ಬರೂ ಪೂರ್ತಿ ಜಾಣರಾದರೆ ಯಾರೂ ಸೋಲುವುದಿಲ್ಲ!

ಮಕ್ಕಳೇ, ನಿಮಗೆ ಎರಡು ಕೆಲಸ. ಮೊಮ್ಮಗಳ ಆರನೇ ಗುಳಿಯಲ್ಲೂ ಒಂದು ಒಂಟಿ ಕಾಯಿ ಇತ್ತಲ್ಲ, ಅಲ್ಲಿಂದ ಹೊರಟಿದ್ದರೆ ಅವಳಿಗೆ ಎಷ್ಟು ಸಿಗುತ್ತಿತ್ತು? ಮತ್ತೆ, ಮೊದಲ ಸರದಿಯಲ್ಲಿ ಯಾವ ಗುಳಿಯಿಂದ ಹೊರಟರೂ ಆರೇ ಏಕೆ? ಎರಡನೆಯದಕ್ಕೆ ಕಾಯಿ ಮುಟ್ಟಬೇಕಾಗಿಲ್ಲ, ಮಣೆಯನ್ನು ದುಂಡಗೆ ಕಲ್ಪಿಸಿಕೊಳ್ಳಿ. ಅಜ್ಜ-ಅಜ್ಜಿಯರು ಉತ್ತರ ಹೇಳಿಕೊಡೂಕಾಗ. ಎದುರು ಕೂತು ಆಡಬಹುದು.