ಗೋಡೆಯೊಳಗೆ ಹೂಳುವ ತಂತಿಯ ಬಗ್ಗೆ ಒಂದು ತಕರಾರು

ಮನೆ ಕಟ್ಟಿಸುವ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ನೆಲದ ಗ್ರಾನೈಟಿಗಾಗಿ ಹತ್ತು ಅಂಗಡಿ ಸುತ್ತುತ್ತಾರೆ. ಟಿವಿಗೆ ಚಿತ್ರ ತರುವ ತಂತಿಯ ಮಾತೆತ್ತಿದರೆ ಮಾತ್ರ, "ಅದನ್ನೆಲ್ಲ ಎಲೆಕ್ಟ್ರಿಷಿಯನ್ ನೋಡ್ಕೋತಾನೆ ಸಾರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಗ್ರಾನೈಟ್ ಕಣ್ಣಿಗೆ ಕಾಣುತ್ತದೆ, ತಂತಿ ಕಾಣುವುದಿಲ್ಲ. ಕಾಣದ ವಸ್ತುವಿನಲ್ಲಿ ಮೋಸ ಮಾಡುವುದು ಸುಲಭ.

ಮೊದಲು ಎಚ್‌ಡಿಎಂಐ ಎಂಬ ಮೋಹದ ವಿಚಾರ. ನಡುಮನೆಯ ಪೆಟ್ಟಿಗೆಯಿಂದ ಮಹಡಿಯ ಕೋಣೆಗೆ ಹದಿನೈದು ಮೀಟರ್ ಎಚ್‌ಡಿಎಂಐ ಕೇಬಲನ್ನು ಗೋಡೆಯಲ್ಲಿ ಹೂಳಿಸಲು ಸಲಹೆ ಕೊಡುವ ವಿನ್ಯಾಸಕಾರರಿದ್ದಾರೆ. ಈ ಕೇಬಲ್ ಸಾಗಿಸುವುದು ಸಂಕುಚಿತಗೊಳಿಸದ ಚಿತ್ರವನ್ನು. 2013ರ 2.0 ಆವೃತ್ತಿಯಲ್ಲಿ ಅದರ ವೇಗದ ಮಿತಿ ಸೆಕೆಂಡಿಗೆ 18 ಗಿಗಾಬಿಟ್, 2017ರ 2.1ರಲ್ಲಿ 48 ಗಿಗಾಬಿಟ್. ಆ ವೇಗದಲ್ಲಿ ಸಾಧಾರಣ ತಾಮ್ರದ ಕೇಬಲನ್ನು ಕೆಲವೇ ಮೀಟರುಗಳಾಚೆ ನಂಬುವಂತಿಲ್ಲ. ಅದೇ 4ಕೆ ಚಿತ್ರ ಅಂತರ್ಜಾಲದ ಮೂಲಕ ಸಂಕುಚಿತ ರೂಪದಲ್ಲಿ ಬರುವಾಗ 15ರಿಂದ 25 ಮೆಗಾಬಿಟ್ ಸಾಕು. ಬೆಲ್ಲದ ಅಚ್ಚು ಒಯ್ದರೆ ಸಾಲುವಲ್ಲಿ ಕಬ್ಬಿನ ಗದ್ದೆಯನ್ನೇ ಹೊತ್ತು ನಡೆಯುವುದೇಕೆ? ಸಂಕೇತವನ್ನು ಕ್ಯಾಟ್-6 ಕೇಬಲಿನಲ್ಲಿ ಟಿವಿಯ ಬಳಿಗೆ ಒಯ್ದು, ಅಲ್ಲಿ ಒಂದೂವರೆ ಮೀಟರಿನ ಎಚ್‌ಡಿಎಂಐ ತುಂಡನ್ನು ಬಳಸಿರಿ. ಕ್ಯಾಟ್-6 ಒಂದು ಗಿಗಾಬಿಟ್ ವೇಗವನ್ನು 100 ಮೀಟರ್ ದೂರ ಒಯ್ಯಬಲ್ಲದು. ಬೆಳಕಿನ ನಾರಿನ ಎಚ್‌ಡಿಎಂಐ ದೂರ ಹೋಗುತ್ತದೆ, ನಿಜ. ಆದರೆ ಅದರ ತುದಿಯ ಎಲೆಕ್ಟ್ರಾನಿಕ್ ಭಾಗ ಕೆಟ್ಟರೆ ಇಡೀ ಕೇಬಲನ್ನೇ ಬದಲಿಸಬೇಕು.

ನನಗೆ ನಿಜವಾಗಿ ಸಿಟ್ಟು ಬರುವುದು ಈ ಕ್ಯಾಟ್-6 ಹೆಸರಿನಲ್ಲಿ ನಡೆಯುವ ವಂಚನೆಯ ಬಗ್ಗೆ. ಅಗ್ಗದ ಸುರುಳಿಗಳಲ್ಲಿ ಅನೇಕವು ತಾಮ್ರದವಲ್ಲ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಲ್ಯೂಮಿನಿಯಂನ ವಾಹಕತೆ ತಾಮ್ರದ ಸುಮಾರು 61 ಶೇಕಡಾ. ಬಗ್ಗಿಸಿದರೆ ಬೇಗ ಮುರಿಯುತ್ತದೆ. ಅದೇ ತಂತಿಯಲ್ಲಿ ಕ್ಯಾಮೆರಾಕ್ಕೆ ವಿದ್ಯುತ್ತನ್ನೂ ಕಳಿಸಿದರೆ ಹೆಚ್ಚು ಬಿಸಿಯಾಗುತ್ತದೆ. ಮಾನದಂಡದ ಪ್ರಕಾರ ಅದನ್ನು ಕ್ಯಾಟ್-6 ಎಂದು ಕರೆಯುವಂತೆಯೇ ಇಲ್ಲ. ನಮ್ಮ ಬಂಧುಗಳೊಬ್ಬರು ಅಂಥ ತಂತಿಯನ್ನು ಪೈಪಿಲ್ಲದೆ ನೇರವಾಗಿ ಗಾರೆಯೊಳಗೆ ಹಾಕಿಸಿ, ಎರಡನೆಯ ವರ್ಷವೇ ಬಣ್ಣ ಬಳಿದ ಗೋಡೆಯನ್ನು ಉಳಿಯಿಂದ ಕೆತ್ತಿಸಿದರು. ಮಾರಿದವನು ಅವರ ಫೋನನ್ನೂ ಎತ್ತಲಿಲ್ಲ. ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿರಿ. ಒಳಗೆ ಬೆಳ್ಳಗೆ ಕಂಡರೆ ಅಂಗಡಿಗೇ ಹಿಂದಿರುಗಿಸಿರಿ.

ಡಿಷ್‌ನಿಂದ ಇಳಿಯುವ ಆರ್‌ಜಿ-6 ಕೇಬಲಿನ ವಿಚಾರದಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಅದರ ನಡುವಿನ ತಂತಿ ಹಲವು ವೇಳೆ ತಾಮ್ರ ಲೇಪಿಸಿದ ಉಕ್ಕು, ಅಯಸ್ಕಾಂತಕ್ಕೆ ಅಂಟುತ್ತದೆ. ಇಲ್ಲಿ ಅದು ಮೋಸವಲ್ಲ. 950ರಿಂದ 2150 ಮೆಗಾಹರ್ಟ್ಸ್ ಆವರ್ತನದಲ್ಲಿ ಸಂಕೇತ ಹರಿಯುವುದು ತಂತಿಯ ಮೇಲ್ಮೈಯಲ್ಲಿ, ಮಿಲಿಮೀಟರಿನ ಐನೂರನೆಯ ಒಂದು ಭಾಗದಷ್ಟು ಆಳದಲ್ಲಿ ಮಾತ್ರ. ಆದರೆ ಡಿಷ್‌ನ ಎಲ್‌ಎನ್‌ಬಿಗೆ 13 ಅಥವಾ 18 ವೋಲ್ಟ್ ನೇರ ವಿದ್ಯುತ್ತೂ ಅದೇ ತಂತಿಯಲ್ಲಿ ಹೋಗಬೇಕು, ಅದಕ್ಕೆ ಇಡೀ ತಂತಿ ಬೇಕು. ಹತ್ತು ಮೀಟರಿಗೆ ಉಕ್ಕು ಸಾಕು. ಮೂರು ಮಹಡಿ ಇಳಿಯುವಾಗ ಅಪ್ಪಟ ತಾಮ್ರವೇ ಇರಲಿ. ಈ ವೋಲ್ಟೇಜ್ ಸಂಕೇತದ ಧ್ರುವೀಕರಣವನ್ನು ಆರಿಸುತ್ತದೆಯಾದ್ದರಿಂದ, ಎರಡು ಪೆಟ್ಟಿಗೆಗಳಿಗೆ ಎಂಟಾಣೆಯ ಸ್ಪ್ಲಿಟರ್ ಹಾಕಿ ಒಂದೇ ಕೇಬಲನ್ನು ಹಂಚುವ ಜಾಣತನ ನಡೆಯದು. ಎರಡು ಹೊರದಾರಿಗಳ ಎಲ್‌ಎನ್‌ಬಿ, ಎರಡು ಕೇಬಲ್.

"ವೈಫೈ ಇರುವಾಗ ತಂತಿಯ ಗೊಡವೆ ಏಕೆ?" ಎನ್ನುವವರಿಗೆ ನನ್ನ ಮರುಪ್ರಶ್ನೆ: ಮಹಡಿಯ ಆರ್‌ಸಿಸಿ ದಾಟುವಾಗ ಸೊರಗುವ ಆ ಅಲೆಯನ್ನು ಮೇಲೆ ಮತ್ತೊಂದು ಪೆಟ್ಟಿಗೆಯಿಂದ ಹೊರಡಿಸುತ್ತೀರಲ್ಲ, ಆ ಪೆಟ್ಟಿಗೆಗೆ ಸಂಕೇತ ಬರುವುದು ಯಾವುದರಿಂದ?

ಇಂದು ಯಾವ ತಂತಿ ಹಾಕಿದರೂ ಮುಂದೊಂದು ದಿನ ಅದು ಹಳತಾಗುತ್ತದೆ. ಹಾಗಾಗಿ ಗಾರೆ ಮೆತ್ತುವ ಮುನ್ನ ಪ್ರತಿ ಟಿವಿಯ ಸ್ಥಳದಿಂದ ಒಂದೇ ಜಾಗಕ್ಕೆ 25 ಮಿಲಿಮೀಟರಿನ ಪಿವಿಸಿ ಪೈಪು ಎಳೆಸಿ, ಒಳಗೆ ನೈಲಾನ್ ದಾರ ಬಿಡಿಸಿರಿ. 230 ವೋಲ್ಟಿನ ತಂತಿಗಳು ಬೇರೆ ಪೈಪಿನಲ್ಲಿರಲಿ. ಮೇಸ್ತ್ರಿ "ಎಲ್ಲ ಒಂದರಲ್ಲೇ ಹೋಗ್ತದೆ ಬಿಡಿ" ಎಂದರೆ ಒಪ್ಪಬೇಡಿ; ಅವನು ಪೈಪು ಜೋಡಿಸುವಾಗ ನೀವೇ ಪಕ್ಕದಲ್ಲಿ ನಿಂತಿರಿ.