ಕಡಲ ಮೀನು ಸತ್ತರೆ ನಮಗೇನು?

ಕಡಲತೀರದಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ಬಿದ್ದ ಸುದ್ದಿ ಬಂದಾಗಲೆಲ್ಲ ನಾವು ಬೆಳೆಗಾರರು ಕಾರ್ಖಾನೆಯವರ ವಿಷವೆಂದು ಹೇಳಿ ಸುಮ್ಮನಾಗುತ್ತೇವೆ. ಕೆಲವು ಕಡೆ ಅದು ನಿಜವೂ ಹೌದು. ಆದರೆ ವಿಷವಿಲ್ಲದೆ, ಬರೀ ಉಸಿರುಕಟ್ಟಿ ಮೀನು ಸಾಯುವುದುಂಟು. ಪಲ್ಪರ್ ನೀರನ್ನು ಹಳ್ಳಕ್ಕೆ ಬಿಟ್ಟ ಮರುದಿನ ಮೀನು ಹೊಟ್ಟೆ ಮೇಲಾಗಿ ತೇಲುವುದನ್ನು ಕಂಡ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣ್ಣಿನ ಲೋಳೆ ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಸೂಕ್ಷ್ಮಜೀವಿಗಳು ಬಳಸಿಬಿಡುತ್ತವೆ.

ಕಡಲಲ್ಲಿ ಆ ಲೋಳೆಯ ಕೆಲಸವನ್ನು ಪಾಚಿ ಮಾಡುತ್ತದೆ. ಮಳೆಯಲ್ಲಿ ಕೊಚ್ಚಿಹೋದ ಸಾರಜನಕ, ರಂಜಕ ಹೊಳೆ ಹಿಡಿದು ಕಡಲು ಸೇರಿದರೆ ಪಾಚಿ ವಿಪರೀತ ಬೆಳೆದು, ಸತ್ತು, ತಳಕ್ಕಿಳಿದು ಕೊಳೆಯುತ್ತದೆ. ಹೊಳೆಯ ಸಿಹಿನೀರು ಹಗುರ. ಉಪ್ಪುನೀರಿನ ಮೇಲೆ ಕೆನೆಯಂತೆ ನಿಲ್ಲುತ್ತದೆ. ಗಾಳಿಯ ಆಮ್ಲಜನಕ ಕೆಳಗಿಳಿಯದು. ಇದೆಲ್ಲ ತಿಂಗಳುಗಟ್ಟಲೆ ಕಣ್ಣಿಗೆ ಬೀಳದೆ ನಡೆಯುತ್ತದೆ. ಒಂದು ದಿನ ಗಾಳಿ ತಿರುಗಿ ತಳದ ನೀರು ದಡಕ್ಕೆ ಬಂತೆಂದರೆ ಕೆಲವೇ ಗಂಟೆಗಳಲ್ಲಿ ಮೀನಿನ ಕಥೆ ಮುಗಿಯಿತು.

ಸ್ಪೇನ್ ದೇಶದ ಕಡಲಂಚಿನ ಉಪ್ಪುನೀರಿನ ಸರೋವರ ಮಾರ್ ಮೆನೋರ್‌ನಲ್ಲಿ ಆದದ್ದು ಇದೇ. ಅದರ ಬಗಲಿಗೇ ತರಕಾರಿಯ ನೀರಾವರಿ ಭೂಮಿ. 2019ರ ಸೆಪ್ಟೆಂಬರಿನ ಮಹಾಮಳೆಯ ಬಳಿಕ ಅಕ್ಟೋಬರಿನಲ್ಲಿ ಸುಮಾರು 3 ಟನ್ ಮೀನು, ಸೀಗಡಿ ಸತ್ತವು. 2021ರ ಆಗಸ್ಟಿನಲ್ಲಿ ಮತ್ತೆ ಅದೇ ಗತಿ. ಊರುಗಳ ಚರಂಡಿ ನೀರೂ ಸೇರಿತ್ತು, ನಿಜ. ಆದರೂ ಬೆರಳು ಮೊದಲು ತೋರಿದ್ದು ಕೃಷಿಕರ ಕಡೆಗೆ. 2022ರಲ್ಲಿ ಆ ಸರೋವರಕ್ಕೇ ವ್ಯಕ್ತಿಯ ಹಕ್ಕು ಕೊಡುವ ಕಾನೂನು ಬಂತು. ಈಗ ಯಾವ ನಾಗರಿಕನೂ ಅದರ ಪರವಾಗಿ ಕೋರ್ಟಿಗೆ ಹೋಗಬಹುದು!

ನಮ್ಮ ಕರಾವಳಿಯ ಸ್ಥಿತಿ ಬೇರೆ. ಮುಂಗಾರಿನಲ್ಲಿ ಆಮ್ಲಜನಕ ಕಡಿಮೆಯಿರುವ ಆಳದ ನೀರು ತಾನಾಗಿಯೇ ಮೇಲೆದ್ದು ದಡದತ್ತ ಬರುತ್ತದೆ. ಅದಕ್ಕೆ ತೋಟ ಹೊಣೆಯಲ್ಲ. ಆದರೆ ಉಬ್ಬಸದವನ ಕೋಣೆಗೆ ಹೊಗೆ ಹಾಕುವುದು ಯಾವ ನ್ಯಾಯ? ಘಟ್ಟದ ನೀರು ಹೊತ್ತ ನೇತ್ರಾವತಿ ಸೇರುವುದೂ ಅದೇ ಕಡಲನ್ನು.

ಆಳು ಸಿಕ್ಕಿದ ದಿನವೇ, ಮಳೆ ಹೊಯ್ಯುತ್ತಿದ್ದರೂ ಯೂರಿಯಾ ಎರಚುವ ಅಭ್ಯಾಸ ನಮ್ಮಲ್ಲಿದೆ. ಕೊಚ್ಚಿಹೋಗುವುದು ನಾವು ಸಾಲ ಮಾಡಿ ತಂದ ಗೊಬ್ಬರವೇ. ಮಳೆ ಬಿಡುವು ಕೊಟ್ಟಾಗ, ಕಂತಿನಲ್ಲಿ ಹಾಕಿ. ಪಲ್ಪರ್ ಇಟ್ಟವರು ಅದರ ನೀರಿಗೆ ಗುಂಡಿ ತೆಗೆಯದೆ ಈ ಸಲ ಕೊಯ್ಲಿಗೆ ಇಳಿಯಬಾರದೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಚಿಕ್ಕ ಹಿಡುವಳಿದಾರರಿಗೆ ಗುಂಡಿಯ ಖರ್ಚಿಗೆ ಸಂಘದಿಂದ ಸಾಲ ಕೊಡುವ ವಿಚಾರವನ್ನು ಮುಂದಿನ ಮಹಾಸಭೆಯ ಮುಂದಿಡುತ್ತೇವೆ.